ಸೆಂಟರ್ ಫಾರ್ವರ್ಡಿಗಾಗಿ ಪರಸ್ಪರ ವರ್ಗಾವಣೆ

ಅರವತ್ತರ ದಶಕದ ಮೊದಲ ವರ್ಷಗಳಲ್ಲಿ ಹುಬ್ಬಳ್ಳಿಯ ಫುಟ್‌ಬಾಲ್ ಲೀಗಿನ ಮೊದಲ ದರ್ಜೆಯಲ್ಲಿ ನಮ್ಮ ಕ್ಲಬ್ಬು ಆಡುತ್ತಿತ್ತು. ಆಡುತ್ತಿತ್ತು ಎಂದು ಅಭಿಮಾನದಿಂದ ಹೇಳುತ್ತಿದ್ದೇನೆ. ನಾನು ಹೇಳಹೊರಟಿರುವ ಮಳೆಗಾಲದಲ್ಲಿ ಅರ್ಧ ಪಂದ್ಯಗಳು ಮುಗಿಯುವ ಹೊತ್ತಿಗೆ ನಾವು ಎರಡು ಗೋಲು ಹೊಡೆದಿದ್ದೆವು. ಅವುಗಳಲ್ಲಿ ಒಂದನ್ನು ಎದುರು ತಂಡದ ಬ್ಯಾಕ್ ತನ್ನದೇ ಗೋಲಿನೊಳಗೆ ಹೊಡೆದುಕೊಂಡಿದ್ದ. ನಾವು ಆತನನ್ನು ಹುಡುಕಿಕೊಂಡು ಹೋಗಿ ಚಹಾ ಕುಡಿಸಿ ಬಂದೆವು.

ಕೊನೆಯ ಸ್ಥಾನದಲ್ಲಿ ನಿಂತ ತಂಡ ಎರಡನೆಯ ದರ್ಜೆಗೆ ಇಳಿಯಬೇಕೆಂಬುದು ಲೀಗಿನ ನಿಯಮ. ನಾವು ಆ ಸ್ಥಾನವನ್ನು ಯಾರ ಪೈಪೋಟಿಯೂ ಇಲ್ಲದೆ ಕಾಯ್ದುಕೊಂಡಿದ್ದೆವು. ಹೀಗಾಗಿ ಒಂದು ಸೋಮವಾರ ಸಂಜೆ ಕ್ಲಬ್ಬಿನ ಹಿತಚಿಂತಕರ ತುರ್ತುಸಭೆ ದರ್ಜಿಯ ಅಂಗಡಿಯಲ್ಲಿ ಸೇರಿತು. ಹಿತಚಿಂತಕರೆಂದರೆ ಮೂರು ಜನ. ಆಟಗಾರರ ಅಂಗಿಗಳನ್ನು ಹೊಲಿದದ್ದರಿಂದ ತಂಡದ ಮೇಲೆ ನೈತಿಕ ಹಕ್ಕು ಪಡೆದಿದ್ದ ದರ್ಜಿ ಕಾಕಾ. ನಿವೃತ್ತ ಡ್ರಿಲ್ ಮಾಸ್ತರರು. ಮತ್ತು ಸರ್ಕಾರಿ ಕಚೇರಿಯೊಂದರಲ್ಲಿ ಗುಮಾಸ್ತನಾಗಿದ್ದ ನಾನು. ಆಟಗಾರರನ್ನು ಸಭೆಗೆ ಕರೆಯುವ ರೂಢಿ ಇರಲಿಲ್ಲ. ಅವರಿಗೆ ಫುಟ್‌ಬಾಲಿನಲ್ಲಿ ನಮ್ಮಷ್ಟು ಆಸಕ್ತಿ ಇರಲಿಲ್ಲ.

ಮಾಸ್ತರರು ತಂಡದ ಕೊರತೆಗಳನ್ನು ಪರಾಮರ್ಶಿಸಿದರು. ಗೋಲ್‌ಕೀಪರನ ಬಗ್ಗೆ ಚಿಂತೆಯಿಲ್ಲ, ಅವನಿಗೆ ಬೇಕಾದಷ್ಟು ಅಭ್ಯಾಸ ಸಿಗುತ್ತಿದೆ. ಬ್ಯಾಕುಗಳು ದಣಿದಿದ್ದಾರೆ, ಆದರೆ ನಿಂತಿದ್ದಾರೆ. ಬೇಕಾಗಿರುವುದು ಸೆಂಟರ್ ಫಾರ್ವರ್ಡ್. ಇದ್ದಾತ ಖಾನಾವಳಿಯಲ್ಲಿ ಬಡಿಸುವ ಸಜ್ಜನ. ಎದುರು ಬಂದವರಿಗೆ ಮೊದಲು ದಾರಿ ಬಿಟ್ಟು, ಚೆಂಡನ್ನೂ ಬಿಟ್ಟು, ಆಮೇಲೆ ಓಡುತ್ತಿದ್ದ.

"ಧಾರವಾಡದಾಗ ಒಬ್ಬ ಅದಾನ್ರಿ," ಎಂದ ದರ್ಜಿ ಕಾಕಾ, ಬಾಯಲ್ಲಿದ್ದ ಗುಂಡುಸೂಜಿ ತೆಗೆದು. "ಕಾಲೇಜ್ ಮೈದಾನದಾಗ ಆಡೂದು ನೋಡೇನಿ. ಹುಲಿ ಅಂದ್ರ ಹುಲಿ."

"ಧಾರವಾಡದ ಹುಲಿ ನಮಗೇನ್ ಮಾಡೂದೈತಿ?" ಎಂದರು ಮಾಸ್ತರರು. "ಹುಬ್ಬಳ್ಳ್ಯಾಗ ಇರಬೇಕು, ಇಲ್ಲಾ ಹುಬ್ಬಳ್ಳ್ಯಾಗ ನೌಕರಿ ಮಾಡಬೇಕು. ಕಾಯ್ದೆ ಐತಿ."

ಆ ಹೊತ್ತಿಗಾಗಲೇ ಸರ್ಕಾರ ಎರಡೂ ಊರುಗಳನ್ನು ಸೇರಿಸಿ ಒಂದೇ ಕಾರ್ಪೊರೇಶನ್ ಮಾಡಿತ್ತು. ಆದರೆ ಆ ಆದೇಶದ ಪ್ರತಿ ಫುಟ್‌ಬಾಲ್ ಲೀಗಿಗೆ ತಲುಪಿರಲಿಲ್ಲ.

"ಆತ ನೌಕರಿ ಮಾಡೂದು ಎಲ್ಲಿ?" ಎಂದು ನಾನು ಕೇಳಿದೆ. ಕೇಳಬಾರದಿತ್ತು. ಆತ ನಮ್ಮದೇ ಇಲಾಖೆಯ ಧಾರವಾಡದ ಕಚೇರಿಯಲ್ಲಿ, ನನ್ನದೇ ದರ್ಜೆಯ ಗುಮಾಸ್ತ. ಇಲಾಖೆಯಲ್ಲಿ ಪರಸ್ಪರ ವರ್ಗಾವಣೆ ಎಂಬ ಒಂದು ಸೌಕರ್ಯವಿತ್ತು. ಒಂದೇ ದರ್ಜೆಯ ಇಬ್ಬರು ಒಪ್ಪಿ ಸಹಿ ಮಾಡಿದರೆ ಅವನ ಕುರ್ಚಿಗೆ ಇವನು, ಇವನ ಕುರ್ಚಿಗೆ ಅವನು. ಈ ಸಂಗತಿಯನ್ನು ನಾನೇ ಸಭೆಗೆ ವಿವರಿಸಿದೆ. ನಿಯಮ ಬಲ್ಲವನೆಂಬ ಹೆಮ್ಮೆ ಅದನ್ನು ಹೇಳಿಸಿತು. ಹೇಳಿ ಮುಗಿಸುವಷ್ಟರಲ್ಲಿ ದರ್ಜಿ ಕಾಕಾ ಮತ್ತು ಮಾಸ್ತರರು ನನ್ನನ್ನು ನೋಡುತ್ತಿದ್ದ ರೀತಿ ಬದಲಾಗಿತ್ತು.

"ಹನ್ನೆರಡ್-ಹದಿಮೂರ್ ಮೈಲಿ ಏನ್ ಮಹಾ ದೂರ್ರಿ?" ಎಂದ ಕಾಕಾ.

ದೂರವಲ್ಲ. ಆದರೆ ಲೀಗ್ ಪಂದ್ಯಗಳೆಲ್ಲ ಕೆಲಸದ ದಿನಗಳಲ್ಲಿ ಐದು ಗಂಟೆಗೆ ಶುರುವಾಗುತ್ತಿದ್ದವು. ಭಾನುವಾರ ಮೈದಾನ ಕ್ರಿಕೆಟ್ಟಿನವರದು. ನಮ್ಮ ಕಚೇರಿ ಮೈದಾನದಿಂದ ಹತ್ತು ನಿಮಿಷದ ಹಾದಿ. ಕಚೇರಿ ಐದೂವರೆಗೆ ಮುಗಿದರೂ ನಾನು ಪಂದ್ಯದ ದಿನಗಳಲ್ಲಿ ನಾಲ್ಕೂ ಮುಕ್ಕಾಲಿಗೆ ಎದ್ದು ಬರುತ್ತಿದ್ದೆ. ಇಲ್ಲೇ ಎಲ್ಲೋ ಇದ್ದಾನೆಂದು ತೋರಲು ಛತ್ರಿಯನ್ನು ಕುರ್ಚಿಗೆ ತೂಗುಹಾಕಿ ಬರಬೇಕಾಗುತ್ತಿತ್ತು. ಆದ್ದರಿಂದ ಮೈದಾನದ ಗೋಡೆಯ ಮೇಲೆ ಕೂತು ನೆನೆಯುವವರಲ್ಲಿ ಮೊದಲಿಗ ನಾನೇ. ಧಾರವಾಡಕ್ಕೆ ಹೋದರೆ ಬಸ್ಸಿಳಿದು ಬರುವಷ್ಟರಲ್ಲಿ ಗೋಲಿನ ಕಂಬಗಳು ಮಾತ್ರ ನಿಂತಿರುತ್ತವೆ. ತಂಡಕ್ಕೆ ಸೆಂಟರ್ ಫಾರ್ವರ್ಡ್ ಬರಬೇಕಾದರೆ ನಾನು ತಂಡವನ್ನು ನೋಡುವುದನ್ನು ಬಿಡಬೇಕು. ನನಗೆ ಆ ಗೋಡೆಯ ಹೊರತು ಬೇರೆ ಸುಖವೇನೂ ಇರಲಿಲ್ಲ ಎಂದರೆ ಮನೆಯವರು ಒಪ್ಪಲಿಕ್ಕಿಲ್ಲ, ಆದರೆ ಅದು ನಿಜ.

"ವಿಚಾರ ಮಾಡ್ತೇನಿ," ಎಂದೆ.

"ಮಾಡ್ರಿ," ಎಂದರು ಮಾಸ್ತರರು. "ಬುಧವಾರ ಅರ್ಜಿ ಬರೀರಿ."

ಮನೆಯಲ್ಲಿ ಹೇಳಿದೆ. ನನ್ನ ಹೆಂಡತಿಯ ತವರು ಧಾರವಾಡ, ಕೆಲಗೇರಿಯ ಹತ್ತಿರ. ಹುಬ್ಬಳ್ಳಿಯ ಧೂಳು ಮತ್ತು ನನ್ನ ಫುಟ್‌ಬಾಲು ಎರಡನ್ನೂ ಆಕೆ ಒಂದೇ ರೋಗದ ಎರಡು ಲಕ್ಷಣಗಳೆಂದು ಭಾವಿಸಿದ್ದಳು. ಆ ದಿನ ಮಾತ್ರ ಕ್ಲಬ್ಬಿನ ಸ್ಥಿತಿಗತಿಯನ್ನು ಬಹಳ ಸಹಾನುಭೂತಿಯಿಂದ ಕೇಳಿದಳು. "ಪಾಪ, ಸೆಂಟರ್ ಫಾರ್ವರ್ಡ್ ಇಲ್ಲದ ಹೆಂಗ್ ಆಡ್ತಾರ? ಹೋಗೂಣು ನಡೀರಿ," ಎಂದಳು. ಸೆಂಟರ್ ಫಾರ್ವರ್ಡ್ ಎಂಬ ಶಬ್ದ ಆಕೆಯ ಬಾಯಲ್ಲಿ ಬಂದದ್ದು ಅದೇ ಮೊದಲು. ನಾನು ಜಾಗರೂಕನಾಗಿ, ಸದ್ಯಕ್ಕೆ ಮನೆ ಬದಲಿಸುವುದು ಬೇಡ, ಬಸ್ಸಿನಲ್ಲೇ ಓಡಾಡುತ್ತೇನೆ ಎಂದೆ. "ಸದ್ಯಕ್ಕ ಅಲ್ಲಾ? ಆತು," ಎಂದಳು.

ಸರ್ಕಾರದಲ್ಲಿ ವರ್ಗಾವಣೆಯ ಅರ್ಜಿಯೊಂದು ಮೇಜಿನಿಂದ ಮೇಜಿಗೆ ಹೋಗಲು ಒಂದು ಹಬ್ಬದಿಂದ ಇನ್ನೊಂದು ಹಬ್ಬದವರೆಗಿನ ಸಮಯ ಬೇಕು. ನಮ್ಮದು ಎರಡೇ ವಾರಗಳಲ್ಲಿ ಮಂಜೂರಾಯಿತು. ಕಾರಣ ಆಮೇಲೆ ತಿಳಿಯಿತು. ಹುಬ್ಬಳ್ಳಿಯ ನಮ್ಮ ಹೆಡ್‌ಕ್ಲಾರ್ಕರು ನನ್ನನ್ನು ದಕ್ಷ, ಕರ್ತವ್ಯನಿಷ್ಠ, ಸಮಯಪಾಲಕ ಎಂದು ಬರೆದು ಕಳಿಸಿದ್ದರು. ಧಾರವಾಡದ ಹೆಡ್‌ಕ್ಲಾರ್ಕರು ಆ ಸೆಂಟರ್ ಫಾರ್ವರ್ಡನ ಬಗ್ಗೆ ಅವೇ ಮೂರು ಶಬ್ದಗಳನ್ನು, ಅದೇ ಕ್ರಮದಲ್ಲಿ ಬರೆದಿದ್ದರು. ಎದುರಿನವನಿಗೆ ಮೋಸ ಮಾಡಿದ ಸಂತೋಷದಲ್ಲಿ ಇಬ್ಬರೂ ಕಡತವನ್ನು ತಾವೇ ಕೈಯಲ್ಲಿ ಹಿಡಿದು ಮೇಲಿನವರ ಮುಂದೆ ಇಟ್ಟಿದ್ದರು.

ನಾನು ಚಾರ್ಜ್ ಕೊಟ್ಟು ಧಾರವಾಡಕ್ಕೆ ಹೋದೆ. ಮುಂದಿನ ಪಂದ್ಯದ ಮರುದಿನ ದರ್ಜಿ ಕಾಕಾನ ಪೋಸ್ಟ್‌ಕಾರ್ಡು ಕಚೇರಿಯ ವಿಳಾಸಕ್ಕೆ ಬಂತು. ಅಂಗಿಯ ಅಳತೆ ಬರೆದುಕೊಳ್ಳುವ ಸಣ್ಣ ಅಕ್ಷರದಲ್ಲಿ ಕಾರ್ಡಿನ ಅಂಚಿನವರೆಗೂ ಬರೆದಿದ್ದ. ಸಾರಾಂಶ ಇಷ್ಟು: ಮೂರು ಗೋಲಿನಿಂದ ಸೋತೆವು. ಹೊಸ ಸೆಂಟರ್ ಫಾರ್ವರ್ಡ್ ಮೈದಾನಕ್ಕೇ ಬರಲಿಲ್ಲ. ಹೆಡ್‌ಕ್ಲಾರ್ಕರು ಬಿಡಲಿಲ್ಲ.

ನಾನು ಅರ್ಧ ದಿನ ರಜೆ ಹಾಕಿ ಹುಬ್ಬಳ್ಳಿಯ ಹಳೆಯ ಕಚೇರಿಗೆ ಹೋದೆ. ಸೆಂಟರ್ ಫಾರ್ವರ್ಡ್ ನನ್ನ ಕುರ್ಚಿಯಲ್ಲಿದ್ದ. ಅವನು ಕಾಣುತ್ತಿರಲಿಲ್ಲ, ಏಕೆಂದರೆ ಮೇಜಿನ ಮೇಲೆ ನನ್ನ ಬಾಕಿ ಕಡತಗಳಿದ್ದವು. ನಾಲ್ಕೂ ಮುಕ್ಕಾಲಿಗೆ ಎದ್ದುಹೋದ ಅಷ್ಟೂ ಸಂಜೆಗಳು ಕಟ್ಟುಕಟ್ಟಾಗಿ ಅಲ್ಲಿ ನಿಂತಿದ್ದವು. ತಂಡದ ಪ್ರತಿ ಸೋಲನ್ನೂ ಆ ಕಟ್ಟುಗಳಲ್ಲಿ ಗುರುತಿಸಬಹುದಾಗಿತ್ತು.

ಹೆಡ್‌ಕ್ಲಾರ್ಕರು ನನ್ನನ್ನು ಕಂಡು ಕನ್ನಡಕ ತೆಗೆದರು. "ನೋಡವ ಹೋದ ಅಂತ ಮನ್ಯಾಗ ಶಿರಾ ಮಾಡಿಸಿದ್ನಿ. ಆಡವನ್ನ ಕಳಸೀರಿ. ನಿಮಗ ನಾ ಏನ್ ಅನ್ಯಾಯ ಮಾಡೇನ್ರಿ?"

"ಸಾಹೇಬ್ರ, ಆತ ಛಲೋ ಆಡತಾನ."

"ಆಡ್ಲಿ. ಈ ಮೇಜಿನ ಮ್ಯಾಲ ಬಾಕಿ ಇರೂ ತನಕ ಈ ಕುರ್ಚಿ ಖಾಲಿ ಬಿಡಂಗಿಲ್ಲ. ಮ್ಯಾಲಿನವ್ರು ಯಾವಾಗ್ ಬರ್ತಾರೋ ಏನೋ."

"ಕುರ್ಚಿಯಾಗ ಯಾರರೆ ಕೂತಿದ್ರ ಸಾಕಲ್ರಿ?"

ಅವರು ಕನ್ನಡಕ ಮತ್ತೆ ಹಾಕಿಕೊಂಡರು. "ಕೂತಿದ್ರ ಸಾಲದು, ಬರೀಬೇಕು," ಎಂದರು.

ಹೀಗೆ ಉಳಿದ ಪಂದ್ಯಗಳ ದಿನಗಳಲ್ಲಿ ನಾನು ಧಾರವಾಡದಲ್ಲಿ ಸಾಂದರ್ಭಿಕ ರಜೆ ಪಡೆದು, ಹುಬ್ಬಳ್ಳಿಗೆ ಬಂದು, ನನ್ನದಲ್ಲದ ಕುರ್ಚಿಯಲ್ಲಿ ಕುಳಿತು, ನನ್ನದೇ ಬಾಕಿ ಕೆಲಸವನ್ನು ಮಾಡತೊಡಗಿದೆ. ರಜೆಯ ಅರ್ಜಿಯಲ್ಲಿ ಕಾರಣದ ಜಾಗದಲ್ಲಿ 'ಮನೆಯ ತಾಪತ್ರಯ' ಎಂದು ಬರೆಯುತ್ತಿದ್ದೆ. ಗುಮಾಸ್ತನೊಬ್ಬ ಇನ್ನೊಂದು ಕಚೇರಿಯಲ್ಲಿ ದುಡಿಯಲು ರಜೆ ಕೇಳುತ್ತಾನೆಂದು ಬರೆದರೆ ಯಾವ ಸರ್ಕಾರವೂ ನಂಬುತ್ತಿರಲಿಲ್ಲ.

ಕಿಟಕಿಯಿಂದ ಮೈದಾನ ಕಾಣದು, ಆದರೆ ಕೇಳುತ್ತದೆ. ಕೂಗು ಎದ್ದಾಗೆಲ್ಲ ಲೇಖಣಿ ಎತ್ತಿ ಹಿಡಿದು ಕಾಯುತ್ತಿದ್ದೆ. ಗೋಲೋ, ಗೋಲು ತಪ್ಪಿದ್ದೋ, ನಾಯಿ ಮೈದಾನಕ್ಕೆ ನುಗ್ಗಿದ್ದೋ ಕೂಗಿನಿಂದ ತಿಳಿಯುತ್ತಿರಲಿಲ್ಲ. ಪಂದ್ಯ ಮುಗಿದ ಮೇಲೆ ದರ್ಜಿ ಕಾಕಾ ಕೆಸರುಕಾಲಿನಲ್ಲೇ ಕಿಟಕಿಯ ಹತ್ತಿರ ಬಂದು ವರದಿ ಒಪ್ಪಿಸುತ್ತಿದ್ದ.

"ಏನ್ ಹೇಳ್ಲಿ ನಿಮಗ? ಚಂಡು ಹಿಂಗ್ ಬಂತು. ಈತ ಎದಿಮ್ಯಾಗ ತಗೊಂಡ. ಒಬ್ಬನ್ನ ಎಡಕ್ಕ ಕಳಿಸಿದ, ಒಬ್ಬನ್ನ ಬಲಕ್ಕ ಕಳಿಸಿದ. ಕೀಪರ್ ನೋಡಕೋತ ನಿಂತ, ಲಗ್ನಕ್ಕ ಬಂದವ್ರು ವರನ್ನ ನೋಡಿಧಂಗ."

"ಗೋಲ್ ಆತು?"

"ಕಂಬಕ್ಕ ಬಡೀತು. ಆದ್ರ ಆ ಸಪ್ಪಳ ಐತಲ್ರಿ, ಒಂದ್ ಗೋಲಿಗಿಂತ ಹೆಚ್ಚು."

ಒಂದು ಪಂದ್ಯ ಸಮವಾಯಿತು, ಒಂದನ್ನು ಗೆದ್ದೆವು, ಒಂದನ್ನು ಸೋತೆವು. ಕಿಟಕಿಯಲ್ಲಿ ಹೇಳಿದ್ದು ಸಾಲದೆಂದು ಕಾಕಾ ಪೋಸ್ಟ್‌ಕಾರ್ಡನ್ನೂ ಹಾಕುತ್ತಿದ್ದ. ಧಾರವಾಡದ ಹೆಡ್‌ಕ್ಲಾರ್ಕರು ಅದನ್ನು ನನಗಿಂತ ಮೊದಲು ಓದಿ, "ನಮ್ಮಲ್ಲಿದ್ದಾಗ ಇಷ್ಟೆಲ್ಲಾ ಆಡ್ತಿದ್ದಿಲ್ಲಪಾ ಅವ," ಎಂದು ಅನುಮಾನದಿಂದ ಕೊಡುತ್ತಿದ್ದರು.

ಕೊನೆಯ ಪಂದ್ಯಕ್ಕೆ ಬಂದಾಗ ಸ್ಥಿತಿ ಹೀಗಿತ್ತು: ಗೆದ್ದರೆ ಉಳಿಯುತ್ತೇವೆ, ಸೋತರೂ ಸಮವಾದರೂ ಇಳಿಯುತ್ತೇವೆ. ಆ ದಿನ ಮಧ್ಯಾಹ್ನ ಮೂರಕ್ಕೆ ನಾನು ಕೊನೆಯ ಕಡತವನ್ನು ಕಟ್ಟಿದೆ. ಮೇಜಿನ ಮರ ಕಂಡಿತು. ಹೆಡ್‌ಕ್ಲಾರ್ಕರು ಬಂದು ಆ ಮರದ ಮೇಲೆ ಕೈಯಾಡಿಸಿದರು.

"ಇಲ್ಲಿದ್ದಾಗ ಹಿಂಗ ಮಾಡಿದ್ರ ನಾ ಯಾಕ ನಿಮ್ಮನ್ನ ಹೊಗಳಿ ಬರೀತಿದ್ನಿ?" ಎಂದರು. ದನಿ ಮೆತ್ತಗಾಗಿತ್ತು. "ವಾಪಸ್ ಬರ್ರಿ. ಇಬ್ಬರೂ ಸಹಿ ಮಾಡಿ ಅರ್ಜಿ ಕೊಡ್ರಿ. ನಾಳೆ ಕಳಸ್ತೇನಿ, ತಿಂಗಳ ಒಪ್ಪತ್ತಿನಾಗ ಈ ಕುರ್ಚಿ ನಿಮ್ಮದು."

ಅಲ್ಲೇ ಕೂತಿದ್ದ ಸೆಂಟರ್ ಫಾರ್ವರ್ಡ್ ಬೂಟಿನ ಲಾಡಿ ಕಟ್ಟುವುದನ್ನು ಬಿಟ್ಟು ಎದ್ದ. "ನನ್ನ ಸಹಿ ಈಗ ತಗೋರಿ. ನನಗೂ ಊರ ಕಡೆ ಹೋದ್ರ ಛಲೋನ," ಎಂದ. ನಾನು ಅರ್ಜಿ ಬರೆದೆ. ಅವನು ಸಹಿ ಮಾಡಿದ. ನನ್ನ ಸಹಿಯ ಜಾಗ ಬಿಟ್ಟು, ಮಡಚಿ ಕೋಟಿನ ಜೇಬಿನಲ್ಲಿ ಇಟ್ಟುಕೊಂಡೆ. ಆಮೇಲೆ ಇಬ್ಬರೂ, ಕಚೇರಿಯ ಇತಿಹಾಸದಲ್ಲಿ ಮೊದಲ ಸಲ ಅನುಮತಿ ಪಡೆದು, ಮೈದಾನಕ್ಕೆ ಹೋದೆವು.

ಗೋಡೆಯ ಮೇಲೆ ಕಾಕಾ ಮತ್ತು ಮಾಸ್ತರರು ನನಗೆ ಜಾಗ ಮಾಡಿಕೊಟ್ಟರು. ನಮ್ಮ ತಂಡದಲ್ಲಿ ಆತ ಆಡುವುದನ್ನು ನಾನು ನೋಡಿದ್ದು ಆ ದಿನವೇ. ಕಾಕಾ ಬರೆದ ಹುಲಿಯನ್ನು ಹುಡುಕಿದೆ. ಅಲ್ಲಿದ್ದದ್ದು ಸೊಂಟದ ಮೇಲೆ ಕೈಯಿಟ್ಟು ಏದುಸಿರು ಬಿಡುತ್ತಿದ್ದ ಒಬ್ಬ ಗುಮಾಸ್ತ. ಚೆಂಡು ಬಂದಾಗ ಇವನಿರುತ್ತಿರಲಿಲ್ಲ, ಇವನಿದ್ದಲ್ಲಿ ಚೆಂಡು ಬರುತ್ತಿರಲಿಲ್ಲ. ಎರಡು ಸಲ ತಾನೇ ಕೆಸರಿನಲ್ಲಿ ಕೂತ. ಪಂದ್ಯ ಮುಗಿಯಲು ಸ್ವಲ್ಪ ಇರುವಾಗ ನಮ್ಮ ಬ್ಯಾಕ್ ಒಬ್ಬ ಬೇಸತ್ತು ಚೆಂಡನ್ನು ಬಲವಾಗಿ ಒದ್ದ. ಸೆಂಟರ್ ಫಾರ್ವರ್ಡ್ ಗೋಲಿನ ಮುಂದೆ ಬಗ್ಗಿ ಕಾಲುಚೀಲ ಎಳೆದುಕೊಳ್ಳುತ್ತಿದ್ದ. ಚೆಂಡು ಅವನ ಬೆನ್ನಿಗೆ ಬಡಿದು, ತಿರುಗಿ, ಕೀಪರನನ್ನು ದಾಟಿ ಒಳಗೆ ಹೋಯಿತು. ಏನಾಯಿತೆಂದು ಅವನು ಎದ್ದುನಿಂತು ಕೇಳುವಷ್ಟರಲ್ಲಿ ಜನ ಅವನನ್ನು ಹೆಗಲ ಮೇಲೆ ಹೊತ್ತಿದ್ದರು. ಆ ಒಂದೇ ಗೋಲಿನಿಂದ ನಾವು ಗೆದ್ದು ಮೊದಲ ದರ್ಜೆಯಲ್ಲಿ ಉಳಿದೆವು.

"ನೋಡಿದ್ರಿ?" ಎಂದ ಕಾಕಾ, ನನ್ನ ತೋಳು ಹಿಡಿದು. ಅವನ ಕಣ್ಣಲ್ಲಿ ನೀರಿತ್ತು. "ಹಿಂದ ಕಣ್ಣಿಲ್ಲದ ಮನಶ್ಯಾ, ಬೆನ್ನಿಂದ ಅಳತಿ ಹಿಡದು ತಿರುವಿದ. ಇಂಥಾವನ್ನ ಧಾರವಾಡಕ್ಕ ಕಳಿಸ್ತಾರೇನು ಯಾರರೆ?"

ಜೇಬಿನ ಅರ್ಜಿಯ ವಿಷಯ ಅವನಿಗೆ ಗೊತ್ತಿರಲಿಲ್ಲ. ನಾನು ಅವನನ್ನೇ ನೋಡಿದೆ. ನಾವಿಬ್ಬರೂ ಒಂದೇ ಗೋಡೆಯ ಮೇಲೆ ಕುಳಿತು ಒಂದೇ ಪಂದ್ಯ ನೋಡಿದ್ದೆವು. ಅವನು ನೋಡಿದ್ದು ಎಷ್ಟೋ ಚೆನ್ನಾಗಿತ್ತು. ಎಷ್ಟೋ ವರ್ಷಗಳಿಂದ ನಾನು ಬಾಕಿ ಕಡತ ಬಿಟ್ಟು, ಛತ್ರಿ ಬಿಟ್ಟು, ನೆನೆಯುತ್ತ ಬಂದು ನೋಡುತ್ತಿದ್ದದ್ದು ಈ ಕೆಸರಿನ ಪಂದ್ಯವನ್ನು. ಕಿಟಕಿಯಲ್ಲಿ ಕೇಳಿದ್ದು ಮತ್ತು ಕಾರ್ಡಿನಲ್ಲಿ ಓದಿದ್ದು ಮಾತ್ರ ಫುಟ್‌ಬಾಲ್ ಆಗಿತ್ತು.

"ಯಾರೂ ಕಳಸಂಗಿಲ್ಲ," ಎಂದೆ. "ಇದನ್ನ ಕಾರ್ಡಿನಾಗ ಬರೀರಿ ಕಾಕಾ, ನಾಳೆ ಧಾರವಾಡಕ್ಕ ಬರೂ ಹಂಗ."

"ನೀವ ಕಣ್ಣಾರೆ ನೋಡೀರಲ್ರಿ?"

"ಆದ್ರೂ ಬರೀರಿ."

ಮನೆಗೆ ಬಂದು ಕೋಟು ತೆಗೆದುಕೊಟ್ಟೆ. ಹೆಂಡತಿ ಒಗೆಯಲು ಹಾಕುವ ಮುನ್ನ ಜೇಬು ತಡಕಿ ಆ ಕಾಗದ ತೆಗೆದು, ದೀಪಕ್ಕೆ ಹಿಡಿದು ಪೂರ್ತಿ ಓದಿದಳು.

"ಇದು ಬೇಕೇನು?"

"ಬ್ಯಾಡ," ಎಂದೆ.

ಮತ್ತೊಮ್ಮೆ ಕೇಳಲಿಲ್ಲ. ಬಚ್ಚಲಿನ ಒಲೆಯ ಕಡೆ ಹೋಗುತ್ತ, "ಕೆಲಗೇರಿ ರಸ್ತಾದಾಗ ಮನಿ ನೋಡಿಟ್ಟೇನಿ. ತಿಂಗಳಾತು," ಎಂದಳು. "ಒಂದನೇ ತಾರೀಖಿಗೆ ಹೋಗೂಣು."