ರಸ್ತೆಯ ಮೇಲಿನ ಹುರುಳಿ

ಬೆಳಗಿನ ನನ್ನ ದಿನಚರಿಯಲ್ಲಿ ಹೇಳಿಕೊಳ್ಳುವಂಥದ್ದೇನೂ ಇಲ್ಲ. ಹಾಲನ್ನು ಸಣ್ಣ ಉರಿಯಲ್ಲಿಟ್ಟು, ಅದು ಉಕ್ಕುವುದರೊಳಗೆ ಗೇಟಿನ ಮುಂದೆ ನೀರು ಚಿಮುಕಿಸಿ, ರಂಗೋಲಿಯ ನಾಲ್ಕು ಎಳೆ ಎಳೆದು ಒಳಗೋಡುವ ಪಂದ್ಯ ಅದು. ಹೆಚ್ಚು ಸಲ ಹಾಲೇ ಗೆದ್ದಿದೆ. ಇವತ್ತಂತೂ ನಾನು ಓಡಲೇ ಇಲ್ಲ. ನಿನ್ನೆ ಸಂಜೆಯವರೆಗೆ ನಮ್ಮ ಬೀದಿಯುದ್ದಕ್ಕೂ ಹರಡಿದ್ದ ಹುರುಳಿ ಗಿಡಗಳೆಲ್ಲ ಮೋರಿಯ ಪಕ್ಕಕ್ಕೆ ಗುಡ್ಡೆ ಬಿದ್ದಿದ್ದವು. ಜಲ್ಲಿಪುಡಿ, ಚಿಪ್ಸ್ ಪೊಟ್ಟಣ, ತರಗೆಲೆ ಎಲ್ಲ ಅದರೊಳಗೆ ಬೆರೆತಿತ್ತು. ಅದರ ಮುಂದೆ ಕುಕ್ಕರಗಾಲಿನಲ್ಲಿ ಕೂತ ಜವರಮ್ಮ ಮೊರದಲ್ಲಿ ಕಾಳು ಕೇರುತ್ತಿದ್ದರು.

ಜವರಮ್ಮ ನಮ್ಮ ಬಡಾವಣೆಗೆ ಅಂಟಿಕೊಂಡಿರುವ ಹಳೆಯ ಊರಿನವರು. ರಾಮಕೃಷ್ಣನಗರವನ್ನು ದಾಟಿ, ರಿಂಗ್ ರಸ್ತೆಯನ್ನೂ ದಾಟಿ ಬಂದರೆ ಸಿಗುವ ಆ ಊರನ್ನು ನಮ್ಮವರು ‘ವಿಲೇಜ್ ಸೈಡ್’ ಎನ್ನುತ್ತಾರೆ, ಅವರು ನಮ್ಮನ್ನು ‘ಲೇಔಟ್ನೋರು’ ಎನ್ನುತ್ತಾರೆ. ನಡುವೆ ಇರುವುದು ಒಂದು ಟ್ರಾನ್ಸ್‌ಫಾರ್ಮರ್ ಮಾತ್ರ. ಹೊಲಗಳೆಲ್ಲ ಸೈಟುಗಳಾದ ಮೇಲೂ ಜವರಮ್ಮನ ಬಳಿ ಒಂದು ತುಂಡು ನೆಲ ಉಳಿದಿದೆ. ಅಲ್ಲಿ ಬೆಳೆದ ಹುರುಳಿಯನ್ನು ಕಿತ್ತು ತಂದು ರಸ್ತೆಗೆ ಹರಡುತ್ತಾರೆ. ಸ್ಕೂಲ್ ವ್ಯಾನು, ಗ್ಯಾಸ್ ಸಿಲಿಂಡರಿನ ಆಟೋ, ನನ್ನ ಸ್ಕೂಟರು ಎಲ್ಲ ಅದರ ಮೇಲೆ ಹರಿದು, ಕಾಯಿ ಒಡೆದು ಕಾಳು ಉದುರುತ್ತದೆ. ಸೊಪ್ಪು ತರುವ ನೆಪದಲ್ಲಿ ನಾನು ಎರಡು ಸುತ್ತು ಹೆಚ್ಚಾಗಿಯೇ ಹೊಡೆಯುವುದುಂಟು. ನನ್ನಿಂದ ಲೋಕಕ್ಕಾದ ಉಪಕಾರಗಳಲ್ಲಿ ಬಹುಶಃ ಕಣ್ಣಿಗೆ ಕಾಣುವಂಥದ್ದು ಇದೊಂದೇ.

“ಯಾರು ಹೀಗೆ ಮಾಡಿದ್ದು?” ಎಂದೆ.

“ಇನ್ಯಾರವ್ವ, ನಿಮ್ಮ ಸೆಕ್ರೆಟ್ರಿ ಅಪ್ಪಾರು. ಬೆಳಕರಿಯಕ್ ಮುಂಚೇಲೆ ಆಳ್ ಬುಟ್ಟು ಗುಡಿಸ್ಬುಟ್ಟವ್ರೆ,” ಎಂದರು ಜವರಮ್ಮ, ಮೊರದಿಂದ ಕಣ್ಣೆತ್ತದೆ. “ನೀವ್ ಒಳಿಕ್ಕೋಗಿ ಕನವ್ವ, ಹಾಲು ಸೀದೋದ ವಾಸ್ನೆ ಬತ್ತಾದೆ.”

ನಾನು ಕಾನ್ವೆಂಟಿನಲ್ಲಿ ಓದಿದವಳು. ದನಿಯೇರಿಸದೆ ಕೋಪಿಸಿಕೊಳ್ಳುವ ವಿದ್ಯೆಯನ್ನು ಅಲ್ಲಿನ ಸಿಸ್ಟರುಗಳು ಎಷ್ಟು ಚೆನ್ನಾಗಿ ಕಲಿಸಿದರೆಂದರೆ, ನನಗೆ ಕೋಪ ಬರುತ್ತದೆಂಬ ಸಂಗತಿ ಈವರೆಗೆ ನನ್ನ ಪಾತ್ರೆಗಳಿಗೆ ಮಾತ್ರ ಗೊತ್ತಿತ್ತು. ಇವತ್ತು ಸೀದ ಪಾತ್ರೆಯನ್ನು ಸಿಂಕಿಗೆ ಕುಕ್ಕಿ, ನೈಟಿಯ ಮೇಲೊಂದು ವೇಲು ಹೊದ್ದು, ಬಡಾವಣೆಯ ಸಂಘದ ಕಾರ್ಯದರ್ಶಿಗಳ ಗೇಟಿಗೇ ಹೋದೆ.

ಅವರು ಸಭ್ಯರು, ಕಷ್ಟವಿರುವುದೇ ಅಲ್ಲಿ. “ಟೂ ವ್ಹೀಲರ್ ಸ್ಕಿಡ್ ಆಗತ್ತೆ ಮೇಡಂ. ಹೋದ ವರ್ಷ ಕಾಲೇಜು ಹುಡುಗಿ ಬಿದ್ದು ಕೈ ಮುರ್ಕೊಂಡ್ಳಲ್ಲ, ನೀವೇ ನೋಡಿದ್ರಿ,” ಎಂದರು. ಅವರ ಮಾತಿನಲ್ಲಿ ಹುರುಳಿತ್ತು. ಹುರುಳಿ ಮಾತ್ರ ಮೋರಿಯ ಪಾಲಾಗಿತ್ತು. ಹಾಗಾದರೆ ಜವರಮ್ಮ ಬೆಳೆದದ್ದನ್ನು ಎಲ್ಲಿ ಬಡಿಯಬೇಕು ಎಂದು ಕೇಳಿದೆ. “ಅದು ನಮ್ಮ ಸಂಘದ ವ್ಯಾಪ್ತಿಗೆ ಬರಲ್ಲ ಮೇಡಂ,” ಎಂದರು.

ಆ ಒಂದು ಪದಕ್ಕೆ ನನ್ನ ಮೈಯೆಲ್ಲ ಉರಿಯಿತು. ಸಂಘದ ವ್ಯಾಪ್ತಿಯ ನಟ್ಟನಡುವೆ, ಕಲ್ಲುಬೆಂಚುಗಳನ್ನು ಹಾಕಿಸಿಕೊಂಡು ಕುಳಿತಿದೆಯಲ್ಲ ನಮ್ಮ ಪಾರ್ಕು, ಅದೇ ಜವರಮ್ಮನ ಊರಿನ ಕಣ. ಸೈಟು ನೋಡಲು ಬಂದಾಗ ನಾನು ಕಣ್ಣಾರೆ ಕಂಡಿದ್ದೇನೆ: ಸಗಣಿ ಸಾರಿಸಿದ ನೆಲ, ಅಂಚಿನಲ್ಲಿ ಹುಲ್ಲಿನ ಮೆದೆ, ರಾಗಿ ತೂರುವ ಹೆಂಗಸರ ತಲೆಯ ಮೇಲೆಲ್ಲ ಹೊಟ್ಟು. ಅತ್ತ ಕೈಚಾಚಿ ಬ್ರೋಕರು, “ಎದುರಿಗೆ ಬರೀ ಖಾಲಿ ಜಾಗ ಮೇಡಂ, ಪಾರ್ಕಿಗೆ ಬಿಟ್ಟಿದಾರೆ,” ಎಂದಿದ್ದ. ಅಷ್ಟು ಜನ ಬೆವರುತ್ತಿದ್ದ ಜಾಗ ಅವನಿಗೆ ಖಾಲಿ ಕಂಡಿತು. ಆಮೇಲೆ ಅದು ನಕ್ಷೆಯಲ್ಲೊಂದು ಹಸಿರು ಚೌಕವಾಯಿತು. ನಾವು ಬಂದು ಬೇಲಿ ಹಾಕಿಸಿ, ದನ ಬಿಡಬಾರದೆಂದು ಫಲಕ ಬರೆಸಿದೆವು. ಒಂದು ಊರು ಅನ್ನ ಮಾಡಿಕೊಳ್ಳುತ್ತಿದ್ದ ನೆಲದ ಮೇಲೆ ಈಗ ನಾವು ಉಂಡದ್ದನ್ನು ಕರಗಿಸುತ್ತೇವೆ. ಶಾಲೆಯ ಭೂಗೋಳದಲ್ಲಿ ಹಳ್ಳಿಯದೊಂದು ಪಾಠ, ನಗರದ್ದೊಂದು ಪಾಠ. ನಡುವೆ ಹಾಳೆ ತಿರುವಿದರೆ ಸಾಕಿತ್ತು. ತಿರುವುವಾಗ ಯಾರ ಬೆರಳು ಸಿಕ್ಕಿಕೊಳ್ಳುತ್ತದೆಂದು ಯಾವ ಪರೀಕ್ಷೆಯಲ್ಲೂ ಕೇಳಲಿಲ್ಲ.

ಮರಳಿ ಬಂದವಳು ನಮ್ಮ ಪೋರ್ಟಿಕೋ ತೋರಿಸಿ, “ಇಲ್ಲಿ ಹಾಕ್ಕೊಳ್ಳಿ ಜವರಮ್ಮ, ಕಾರು ಹೊರಗೆ ನಿಲ್ಲಿಸ್ತೀವಿ,” ಎಂದೆ. ಅವರು ಕತ್ತು ಚಾಚಿ ನೋಡಿ ನಕ್ಕರು.

“ಇಸ್ಟಗಲದಲ್ಲಿ ನಾನ್ ಕೂರದೋ, ಹುರ್ಳಿ ಹಾಕದೋ? ಈ ಟೈಲ್ಸ್ ಮ್ಯಾಲೆ ಕೋಲೆತ್ತಿ ಬಡುದ್ರೆ ನಿಮ್ಮೆಜಮಾನ್ರು ನನ್ನೇ ಬಡುದಾರು.” ಮೊರವನ್ನು ಕೆಳಗಿಟ್ಟು, ಸೆರಗಿನಿಂದ ಕಣ್ಣಿನ ಧೂಳು ಒರೆಸಿಕೊಂಡರು. “ಬರೋ ವರ್ಸ ಬಿತ್ತಾಕಿಲ್ಲ ಬುಡಿ. ಬಡ್ಯಕ್ ಜಾಗ ಇಲ್ದೆ ಬೆಳ್ಕಂಡು ಏನ್ಮಾಡದು? ಸೈಟ್ ಮಾಡ್ಬುಡಮ ಅಂತ ಮಗನೂ ಒಂದೇ ಸಮ ಅಂತಾವ್ನೆ.”

ಹೊಲಗಳು ಹೋದ ಮೇಲೆ ಕಣ ಹೋಗುತ್ತದೆಂದು ನಾನು ತಿಳಿದಿದ್ದೆ. ನಮ್ಮಲ್ಲಿ ಕಣ ಮೊದಲು ಹೋಯಿತು, ರಸ್ತೆ ಇವತ್ತು ಹೋಯಿತು, ಉಳಿದ ತುಂಡು ಹೊಲ ಅವುಗಳ ಹಿಂದೆಯೇ ಹೊರಟು ನಿಂತಿದೆ. ಕಿತ್ತುಕೊಂಡವರು ಇಂಥವರೆಂದು ಬೆರಳು ತೋರಿಸೋಣವೆಂದರೆ ಎಲ್ಲರೂ ನಮಸ್ಕಾರಕ್ಕೆ ಪ್ರತಿನಮಸ್ಕಾರ ಮಾಡುವವರೇ. ನನ್ನ ಸಿಟ್ಟಿಗೆ ನಿಲ್ಲಲು ಒಂದು ಬಾಗಿಲೂ ಇಲ್ಲ.

ಸಂಜೆ ಪಕ್ಕದ ಮನೆಯ ವಸುಧಾ ಅವರೊಡನೆ ಎಂದಿನಂತೆ ಪಾರ್ಕಿನಲ್ಲಿ ಸುತ್ತು ಹಾಕುತ್ತಿದ್ದೆ. ಅವರು ಈ ಬೀದಿಗೆ ಬಂದದ್ದು ಪಾರ್ಕಾದ ಮೇಲೆ. ಬೇಲಿಯಾಚೆ ಜವರಮ್ಮ ತಲೆಯ ಮೇಲೊಂದು ಸಣ್ಣ ಮೂಟೆ ಹೊತ್ತು ಊರಿನತ್ತ ಹೋಗುತ್ತಿದ್ದರು. ಬೆಳಗಿನಿಂದ ನುಂಗಿಕೊಂಡದ್ದನ್ನೆಲ್ಲ ಹೇಳಿಬಿಡಬೇಕೆಂದು ನಾನು ಬಾಯಿ ತೆರೆಯುವಷ್ಟರಲ್ಲಿ ವಸುಧಾ, ಬಿಚ್ಚಿಹೋದ ಶೂ ಲೇಸು ಕಟ್ಟಲು ಅಲ್ಲೇ ಬಗ್ಗಿ, ಮರುಕದಿಂದ ಲೊಚಗುಟ್ಟಿದರು.

“ಪಾಪ ಕಣ್ರೀ. ಇಂಥದ್ದಕ್ಕೆಲ್ಲ ಊರಿಗೆ ಅಂತ ಒಂದು ಜಾಗ ಇಟ್ಕೋಬೇಕಿತ್ತು ಅವರು.”