ಕೆಂದಿಯ ಕಿವಿಗೆ ಬಿದ್ದ ಇಂಗ್ಲಿಷು

"ಅಮ್ಮಾ, ಪ್ರಮೀಳತ್ತೆ ಹಸು ಜೊತೆ ಯಾಕೆ ಇಂಗ್ಲಿಷಲ್ಲಿ ಮಾತಾಡ್ತಾರೆ?"

ಐದು ವರ್ಷದ ನನ್ನ ಮಗಳು ದೀಪ ಹಿತ್ತಿಲ ಬೇಲಿಯ ಸಂದಿಯಿಂದ ಮುಖ ತೆಗೆಯದೆಯೇ ಕೇಳಿದಳು. ಬೇಲಿಯ ಆಚೆಗೆ ಪಕ್ಕದ ಮನೆಯ ಕೊಟ್ಟಿಗೆ. ಪ್ರಮೀಳ ಕೆಂದಿ ಹಸುವಿನ ಹೊಟ್ಟೆಗೆ ಹಣೆಯಾನಿಸಿ ಹಾಲು ಕರೆಯುತ್ತಿದ್ದಳು. ಒಂದೊಂದು ಧಾರೆಗೂ ಒಂದೊಂದು ಪದ. "ರೌಸ್... ಎಕ್ಸೈಟ್... ಕಿಂಡಲ್..." ಏರಿಳಿತವೇ ಇಲ್ಲ. ಮನಸ್ಸನ್ನು ಬಡಿದೆಬ್ಬಿಸಬೇಕಾದ ಮಾತುಗಳನ್ನೆಲ್ಲ ಮಗು ಮಲಗಿಸುವವರ ಹಾಗೆ ಹೇಳುತ್ತಿದ್ದಳು.

"ಇಂಗ್ಲಿಷ್ ಕೇಳಿದ್ರೆ ಕೆಂದಿ ಹಾಲು ಜಾಸ್ತಿ ಕೊಡ್ತದಂತೆ, ಸುಮ್ನಿರು" ಎಂದು ಮಗಳನ್ನು ಒಳಗೆ ಎಳೆದುಕೊಂಡೆ. ನಿಜ ಹೇಳಿದರೆ ಬೀದಿಗೆಲ್ಲ ಸಾರಿಬಿಡುತ್ತಾಳೆ.

ಪ್ರಮೀಳ ಪಾಂಡವಪುರದ ಕಡೆಯವಳು. ಹತ್ತನೇ ತರಗತಿಯಲ್ಲಿ ಇಂಗ್ಲಿಷೊಂದರಲ್ಲಿ ಇಪ್ಪತ್ತೆಂಟು ಅಂಕ ಬಂದು ಫೇಲಾದಳು. ಮತ್ತೆ ಪರೀಕ್ಷೆ ಕಟ್ಟುವ ಮೊದಲೇ ಚಲುವರಾಜುವಿನ ಹೆಂಡತಿಯಾಗಿ ಕೆ.ಆರ್. ಪೇಟೆ ತಾಲ್ಲೂಕಿನ ನಮ್ಮೂರಿಗೆ ಬಂದಳು. ಹತ್ತು ವರ್ಷವಾಯಿತು, ಮಕ್ಕಳಾಗಲಿಲ್ಲ. ಅವಳಿಗಿರುವ ಹೊರಗಿನ ಲೋಕವೆಂದರೆ ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಹಾಲು ಹಾಕಲು ಡೈರಿಗೆ ಹೋಗಿಬರುವ ಹಾದಿ. ಅಷ್ಟಕ್ಕೂ ಅತ್ತೆ ಚಿಕ್ಕಬೋರಮ್ಮ ಜಗಲಿಯ ಮೇಲೆ ಕಾಯುತ್ತಿರುತ್ತಾರೆ. "ಆಲ್ ಆಕಕ್ಕೆ ಇಷ್ಟೊತ್ತಾ? ಅಲ್ಲೇ ಅಸಾನೂ ಕರೀತಿದ್ಯೇನೆ?"

ಈ ವರ್ಷ, ತೊಂಬತ್ತಾರರಲ್ಲಿ, ಊರಿನ ಅಂಗನವಾಡಿ ಟೀಚರು ಕೆಲಸ ಬಿಡುತ್ತಾರೆಂದು ಸುದ್ದಿಯಾಯಿತು. ಎಸ್ಸೆಸ್ಸೆಲ್ಸಿ ಪಾಸಾದ, ಇದೇ ಊರಿನ ಹೆಂಗಸು ಬೇಕಂತೆ. ಅಕ್ಟೋಬರಿನಲ್ಲಿ ಇಂಗ್ಲಿಷೊಂದು ಪಾಸಾದರೆ ಆ ಕೆಲಸ ಪ್ರಮೀಳಳಿಗೇ ಸಿಗಬಹುದು. ಸಂಬಳವೆಷ್ಟೆಂದು ಅವಳು ಕೇಳಲಿಲ್ಲ. "ಎಷ್ಟ್ ಗಂಟೆಯಿಂದ ಎಷ್ಟ್ ಗಂಟೆ ಗಂಟ ಅಕ್ಕ?" ಎಂದು ಕೇಳಿದಳು.

ಬಳೆ ತೊಡಿಸುವ ನೆಪದಲ್ಲಿ ಪೇಟೆಗೆ ಕರೆದೊಯ್ದು, ಫೋಟೋ ತೆಗೆಸಿ ಅರ್ಜಿ ಹಾಕಿಸಿದೆ. ಹಾಲ್ ಟಿಕೆಟ್ಟು ನಮ್ಮ ಮನೆಯ ಹೆಸರುಕಾಳಿನ ಡಬ್ಬದಲ್ಲಿದೆ. ಗೈಡು ಮಾತ್ರ ಅತ್ತೆಯ ಕಣ್ಣಿಗೆ ಬಿದ್ದು ಹಂಡೆ ಒಲೆಗೆ ಹೋಯಿತು. ಅದಕ್ಕೇ ನಾನು ಹಳೆಯ ಕ್ಯಾಲೆಂಡರ್ ಹಾಳೆಯ ಹಿಂದೆ ಪದಗಳನ್ನು ಬರೆದುಕೊಟ್ಟೆ. ಅವಳು ಅದನ್ನು ಕೊಟ್ಟಿಗೆಯ ಗೋಡೆಗೆ ಅಂಟಿಸಿಕೊಂಡಳು. ಅತ್ತೆಗೆ ಓದು ಬಾರದು. ಏನಿದು ಎಂದು ಕೇಳಿದ್ದಕ್ಕೆ, "ದನಿನ ಡಾಕ್ಟ್ರು ಬರ್ಕೊಟ್ಟವ್ರೆ ಅತ್ತೆ, ಔಸ್ದಿ ಎಸ್ರು" ಅಂದಳಂತೆ.

ಈ ಹುರಿದುಂಬಿಸುವ ಪದಗಳೇ ಅವಳಿಗೆ ಹೆಚ್ಚು ಗೊಂದಲ. "ಎಲ್ಲಾ ಎಬ್ಬುಸೋದೇ ತಾನೆ ಅಕ್ಕ?"

"ಅಲ್ಲ ಕಣೆ. ಕಿಂಡಲ್ ಅಂದ್ರೆ ಬೂದಿಯೊಳಗಿನ ಕೆಂಡ ಊದಿ ಹೊತ್ತಿಸಿದ ಹಾಗೆ. ಪ್ರೊವೋಕ್ ಅಂದ್ರೆ ಕೆಣಕೋದು. ಇನ್‌ಸೈಟ್ ಅಂದ್ರೆ ಒಬ್ಬರ ಮೇಲೆ ಒಬ್ಬರನ್ನ ಎತ್ತಿಕಟ್ಟೋದು. ಗೋಡ್ ಅಂದ್ರೆ ಎತ್ತಿಗೆ ತಿವಿದು ಮುಂದಕ್ಕೆ ನೂಕೋದು."

"ಅಂಗಾರೆ ಪ್ರೊವೋಕು ನಮ್ಮತ್ತೆ. ಇನ್‌ಸೈಟು ನಮ್ ನಾದ್ನಿ, ಬಂದಾಗೆಲ್ಲ ಅದೇ ಕೆಲ್ಸ. ಗೋಡು ನಮ್ ಯಜಮಾನ್ರು."

ಹೀಗೆ ಮನೆಮಂದಿಗೆಲ್ಲ ಒಂದೊಂದು ಅಂಟಿಸಿದ ಮೇಲೆ ಯಾವುದನ್ನೂ ಮರೆಯಲಿಲ್ಲ, ಒಂದನ್ನು ಬಿಟ್ಟು. "ಇನ್‌ಸ್ಪೈರ್‌ಗೆ ಯಾರೂ ಸಿಗ್ತಾ ಇಲ್ಲ ಕಣಕ್ಕ" ಎಂದು ನಕ್ಕಳು. ನನಗೆ ನಗು ಬರಲಿಲ್ಲ.

ಹೋದ ಶುಕ್ರವಾರ ಕೆಂದಿ ಮೇವು ಬಿಟ್ಟಿತು. ಪ್ರಮೀಳ ಡೈರಿಗೆ ಹೋಗಿದ್ದಾಗ ಚಿಕ್ಕಬೋರಮ್ಮ ಗೋಡೆಯ ಹಾಳೆ ಕಿತ್ತುಕೊಂಡು ಬಸ್ಸು ಹತ್ತಿದರು. ಪೇಟೆಯ ಔಷಧಿ ಅಂಗಡಿಯಲ್ಲಿ, "ಇದ್ರಾಗೆ ಮೇವ್ ಬುಟ್ಟಿರದ್ಕೆ ಯಾವ್ದೋ, ಅದ್ ಕೊಡಪ್ಪ" ಎಂದು ಹಾಳೆ ಚಾಚಿದರು. ಅಂಗಡಿಯವನು ಗಟ್ಟಿಯಾಗಿ ಓದಿದ. "ಅಜ್ಜಿ, ಇದು ಇಸ್ಕೂಲ್ ಪಾಠ. ಅಸೀಗೆ ಎಸ್ಸೆಸ್ಸೆಲ್ಸಿ ಕಟ್ಸಿದ್ದೀರಾ?" ಅಲ್ಲಿದ್ದವರೆಲ್ಲ ನಕ್ಕರು.

ಆ ನಗುವನ್ನು ಹೊತ್ತುಕೊಂಡೇ ಅವರು ಊರಿಗೆ ಬಂದರು. "ನಾಕ್ ಜನದ್ ಮುಂದೆ ನನ್ ಮಾನ ಕಳುದ್ಬುಟ್ಳು!" ಯಾರು ಬರೆದುಕೊಟ್ಟಿದ್ದೆಂದು ಎಷ್ಟು ಕೇಳಿದರೂ ಪ್ರಮೀಳ ನನ್ನ ಹೆಸರು ಹೇಳಲಿಲ್ಲ. ಚಲುವರಾಜು ಹೊಡೆಯಲಿಲ್ಲ, ಬೈಯಲೂ ಇಲ್ಲ. ಇನ್ನು ಮೇಲೆ ಡೈರಿಗೆ ತಾನೇ ಹೋಗುತ್ತೇನೆ ಎಂದ, ಅಷ್ಟೆ. ಅವಳಿಗಿದ್ದ ಅದೊಂದು ಹಾದಿಯೂ ಮುಚ್ಚಿತು. ನಾಲ್ಕು ದಿನದಿಂದ ಬೇಲಿಯಾಚೆ ಒಂದು ಪದವೂ ಕೇಳುತ್ತಿಲ್ಲ, ಪಾತ್ರೆಗೆ ಹಾಲು ಬೀಳುವ ಸದ್ದು ಮಾತ್ರ.

ನಾಳೆ ಬುಧವಾರ, ಪೇಟೆಯಲ್ಲಿ ಪರೀಕ್ಷೆ. ನಾನಂತೂ ಅದು ಕೈತಪ್ಪಿದಂತೆಯೇ ಎಂದುಕೊಂಡಿದ್ದೆ. ಇವತ್ತು ಮಧ್ಯಾಹ್ನ ಪ್ರಮೀಳ ಸಗಣಿ ಮಂಕರಿ ಹಿಡಿದು ಬೇಲಿಯ ಹತ್ತಿರ ಬಂದಳು. ಮೊದಲು ನಮ್ಮ ಬಾಗಿಲ ಕಡೆ ನೋಡಿ, ದೀಪ ಮಲಗಿದ್ದಾಳೆಂದು ಖಾತ್ರಿ ಮಾಡಿಕೊಂಡಳು. ನನ್ನ ಗಂಡನ ಕೆಲಸ ನಾಗಮಂಗಲದಲ್ಲಿ, ಬರುವುದು ಶನಿವಾರ. ಅದೂ ಅವಳಿಗೆ ಗೊತ್ತು.

"ಅಕ್ಕ, ಕೇಳ್ಬಾರ್ದು. ಅದ್ರಲ್ಲೂ ಮಕ್ಕಳಿಲ್ದೋಳ್ ಬಾಯಲ್ಲಿ ಬರ್ಲೇಬಾರ್ದು" ಎಂದು ತಲೆ ತಗ್ಗಿಸಿದಳು. "ಬೆಳಿಗ್ಗೆ ಎಂಟ್ ಗಂಟೆಗೆ ಬಂದು ನಮ್ಮತ್ತೆ ಮುಂದೆ, ದೀಪುಂಗೆ ಜ್ವರ, ಪೇಟೆ ಆಸ್ಪತ್ರೆಗ್ ಓಗ್ಬೇಕು, ಜೊತೇಲಿ ಯಾರೂ ಇಲ್ಲ, ಪ್ರಮೀಳನ್ ಕಳ್ಸಿ ಅಂತೀರಾ? ಮಗೀಗೆ ಅಂದ್ರೆ ಅವ್ರು ಇಲ್ಲ ಅನ್ನಕ್ಕಿಲ್ಲ. ಅಂದ್ಬುಟ್ಟು, ಮನಸ್ನಲ್ಲೇ ಬುಡ್ತು ಅಂದ್ಕಳಿ ಅಕ್ಕ. ನಾನೂ ಅಂದ್ಕತೀನಿ."