ಕೆಟ್ಟ ದಿನ ಹೇಳಿ ಅಂದವರು

ಅನಘಾ, ನಿಖಿಲ್, ಅಜ್ಜನ ಕಾಯಿಲೆಯ ದಿನಗಳಲ್ಲಿ ಕೌನ್ಸಿಲ್ಲಿನಿಂದ, ಅಂದರೆ ಇಲ್ಲಿನ ನಗರಸಭೆಯಿಂದ, ನಮ್ಮ ಮನೆಗೆ ಬರುತ್ತಿದ್ದ ಆ ಅಮ್ಮನ ಎಡಹುಬ್ಬಿನಲ್ಲಿ, ಅದನ್ನು ಎರಡು ತುಂಡು ಮಾಡಿದ ಒಂದು ಗಾಯದ ಗುರುತಿತ್ತು. ಅಲ್ಲಿ ಮತ್ತೆ ಕೂದಲು ಬೆಳೆಯಲೇ ಇಲ್ಲ. ಅದು ನಿಮ್ಮ ಅಜ್ಜ ಮಾಡಿದ ಗಾಯ. ನಿಮ್ಮಪ್ಪನಿಗೂ ನಾನು ಇದನ್ನು ಪೂರ್ತಿ ಹೇಳಿಲ್ಲ.

ಅಜ್ಜ ಇಂಗ್ಲಿಷರ ಈ ನಾಡಿನ ಆಸ್ಪತ್ರೆಯಲ್ಲಿ ಮೂವತ್ತು ವರ್ಷ ಡಾಕ್ಟರಾಗಿದ್ದವರು. ಸೂಜಿ ಚುಚ್ಚುವ ಮೊದಲು ಕೂಸುಗಳಿಗೆ ಸಾರಿ ಹೇಳುತ್ತಿದ್ದರಂತೆ. ಮರೆವಿನ ರೋಗ ಬಂದ ಮೇಲೆ ನನ್ನನ್ನು ಕಳ್ಳಿ ಎಂದು ಕೂದಲು ಹಿಡಿದು ಎಳೆದರು, ಮುಂಗೈ ಕಚ್ಚಿದರು, ಊರುಗೋಲಿನಿಂದ ಹೊಡೆದರು. ಒಮ್ಮೆ ಬೆರಳು ಮುರಿಯಿತು. ಸಂಜೆ ಅದೇ ಬೆರಳು ಹಿಡಿದುಕೊಂಡು, "ಯಾರ್ ಹೊಡದ್ರು ನಿನಗ?" ಎಂದು ಕೇಳಿದರು. ಬಿದ್ದೆ ಅಂದೆ.

ಇಂಥವರನ್ನು ನೋಡಿಕೊಳ್ಳಲು ಕೌನ್ಸಿಲ್ ತನ್ನದೇ ಜನರನ್ನು ಕಳಿಸುವ ಕಾಲ ಮುಗಿದಿತ್ತು. ಆ ಕೆಲಸವನ್ನು ಕಂಪನಿಗಳಿಗೆ ಗುತ್ತಿಗೆ ಕೊಡುತ್ತಿತ್ತು. ಯಾರ ಮನೆಗೆ ಎಷ್ಟು ಜನ, ಎಷ್ಟು ಹೊತ್ತು ಬೇಕೆಂದು ಬಂದು ನೋಡಿ ಬರೆಯುವುದು ಈ ಅಮ್ಮನ ಕೆಲಸ. ಕೀನ್ಯಾದಲ್ಲಿ ಹುಟ್ಟಿದ ಗುಜರಾತಿ, ಇಲ್ಲೇ ಹತ್ತಿರದ ಕ್ವೀನ್ಸ್‌ಬರಿಯಲ್ಲಿ ಮನೆ. ನನ್ನ ಹರಕು ಹಿಂದಿಗೆ ತಕ್ಕಂತೆ ನಿಧಾನವಾಗಿ ಮಾತಾಡುತ್ತಿದ್ದರು. ಚಹಾ ಕುಡಿದ ಕಪ್ಪನ್ನು ತಾವೇ ತೊಳೆದಿಡುತ್ತಿದ್ದರು.

ಮೊದಲ ಸಲ ಅವರು ಬರುವ ದಿನ ನಾನು ಮನೆಯೆಲ್ಲ ಒರೆಸಿ, ಅಜ್ಜನಿಗೆ ಟೈ ಕಟ್ಟಿ, ಉಪ್ಪಿಟ್ಟು ಮಾಡಿದೆ. ಗಂಡನ ದೂರು ಹೊಸ್ತಿಲು ದಾಟಬಾರದೆಂದು ಕಲಿತು ಬೆಳೆದವಳು. ಅಜ್ಜ ಚಂದದ ಇಂಗ್ಲಿಷಿನಲ್ಲಿ ನಮಗೇನೂ ತೊಂದರೆಯಿಲ್ಲ ಅಂದರು. ನಾನು ತಲೆಯಾಡಿಸಿದೆ. ಬೆಳಿಗ್ಗೆ ಅರ್ಧ ಗಂಟೆ, ಒಬ್ಬರು, ಎಂದು ಮಂಜೂರಾಯಿತು.

ಕಂಪನಿಯಿಂದ ದಿನಕ್ಕೊಬ್ಬ ಹೊಸಬ ಬರತೊಡಗಿದ. ಹೊಸ ಮುಖ ಕಂಡರೆ ಅಜ್ಜ ಒದೆಯುತ್ತಿದ್ದರು. ಒಬ್ಬ ತಿರುಗಿ ಅವರ ಕೆನ್ನೆಗೆ ಬಾರಿಸಿದ. ತುಟಿ ಒಡೆದು ರಕ್ತ ಬನಿಯನ್ನಿಗೆ ಇಳಿಯಿತು. ಬನಿಯನ್ ಒಗೆದು ಒಣಹಾಕಿದೆ, ಯಾರಿಗೂ ಹೇಳಲಿಲ್ಲ.

ಜೂನ್ ತಿಂಗಳಲ್ಲಿ ಆ ಅಮ್ಮ ತಿಳಿಸದೇ ಬಂದರು. ಅಂಥ ಬಿಸಿಲಲ್ಲೂ ನಾನು ಉದ್ದ ತೋಳಿನ ಸ್ವೆಟರ್ ಹಾಕಿದ್ದೆ.

"ಬೆಹೆನ್‌ಜಿ, ತೋಳು ಮೇಲೆ ಸರಿಸಿ."

ನಾನು ತೋಳನ್ನು ಇನ್ನೂ ಕೆಳಗೆ ಎಳೆದುಕೊಂಡೆ. ಅಷ್ಟರಲ್ಲಿ ಅಜ್ಜ ಊರುಗೋಲು ಎತ್ತಿ ನನ್ನ ಮೇಲೆ ಬಂದರು. ಆ ಅಮ್ಮ ನಡುವೆ ನಿಂತರು. ಏಟು ಅವರ ಹುಬ್ಬಿಗೆ ಬಿತ್ತು.

ಅರಿಸಿನ ಒತ್ತಿ, ಅಳುತ್ತ ಕ್ಷಮೆ ಕೇಳಿದೆ. ಅವರು ರಕ್ತ ತೊಟ್ಟಿಕ್ಕಿದ್ದ ಫಾರಂ ತೊಡೆಯ ಮೇಲೆ ಇಟ್ಟುಕೊಂಡರು. "ನೀವು ಒಳ್ಳೆಯ ದಿನ ತೋರಿಸಿದಿರಿ. ನಾನು ಅದಕ್ಕೆ ಬೇಕಾದಷ್ಟೇ ಬರೆದೆ. ಈಗ ಎಲ್ಲಕ್ಕಿಂತ ಕೆಟ್ಟ ದಿನ ಹೇಳಿ."

ತೋಳು ಸರಿಸಿದೆ. ಎಲ್ಲ ಹೇಳಿದೆ, ಬನಿಯನ್ನಿನ ಮಾತನ್ನೂ.

ಕಲೆಯಾದ ಆ ಫಾರಮ್ಮನ್ನೇ ಅವರು ಮೇಲಿನವರ ಮುಂದೆ ಇಟ್ಟರಂತೆ. ಕೈಮಾಡಿದವನ ಕಂಪನಿಯನ್ನು ಬಿಡಿಸಿದರು. ಬೆಳಿಗ್ಗೆ ಸಂಜೆ ಇಬ್ಬಿಬ್ಬರು, ಎಂದೂ ಬದಲಾಗದ ಅದೇ ಇಬ್ಬರು, ಬಂದರು. ಮುಖ ಗುರುತಾದಂತೆ ಅಜ್ಜ ಕೈಯೆತ್ತುವುದು ತಗ್ಗಿತು, ಪೂರ್ತಿ ನಿಲ್ಲಲಿಲ್ಲ. ಎರಡು ವರ್ಷದ ಮೇಲೆ ಅಜ್ಜ ಮನೆಯಲ್ಲೇ, ತಮ್ಮ ಮಂಚದಲ್ಲೇ ಹೋದರು.

ಹೋದ ಚಳಿಗಾಲದಲ್ಲಿ ಆ ಅಮ್ಮನೂ ತೀರಿಕೊಂಡರು. ಇಲ್ಲಿನ ರೂಢಿಯಂತೆ ಶವಪೆಟ್ಟಿಗೆಯಲ್ಲಿ ಮಲಗಿದ್ದವರ ಹುಬ್ಬಿಗೆ ಚಿಟಿಕೆ ಅರಿಸಿನ ಹಚ್ಚಿ ಬಂದೆ.

ಅಜ್ಜ ಟೈ ಕಟ್ಟಿಕೊಂಡ ಫೋಟೋ ನಿಮ್ಮ ಮನೆಯ ಗೋಡೆಯ ಮೇಲಿದೆ. ಅದೂ ನಿಜ, ಇದೂ ನಿಜ. ಈ ಹಾಳೆಗಳನ್ನು ಮಡಚಿ ಅದರ ಚೌಕಟ್ಟಿನ ಹಿಂದೆ ಇಡಿ ಮಕ್ಕಳೇ, ಕಳೆಯಬೇಡಿ.